ನಾಯಿಗೆ ಹೆದರುತ್ತಿದ್ದ ಕಾಂಪೌಂಡರು

ಅವರಷ್ಟು ಪುಕ್ಕಲು ಮನುಷ್ಯನನ್ನು ನಾನು ನೋಡಿಲ್ಲ. ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಾರದು ಅನ್ನುವವರು ಅನ್ನಲಿ. ಬದುಕಿದ್ದಾಗಲೇ ಅವರ ಎದುರಿಗೆ ನಿಂತು ನೂರು ಸಲ ಅಂದಿದ್ದೇನೆ. "ಊಂ ಕಣವ್ವ, ಪುಕ್ಲೇ ನಾನು. ಏನೀಗ?" ಅಂತ ಅವರೂ ಒಪ್ಪಿಕೊಂಡು ನಗುತ್ತಿದ್ದರು.

ನಮ್ಮೂರು ಬೀಚನಹಳ್ಳಿಯ ಅಣೆಕಟ್ಟೆಗೆ ಹತ್ತಿರ, ನಾಲೆಯ ದಂಡೆಯ ಮೇಲಿದೆ. ಇಲ್ಲೊಂದು ಪಶು ಚಿಕಿತ್ಸಾ ಕೇಂದ್ರ. ಡಾಕ್ಟರು ಇರುವುದು ನಮ್ಮ ತಾಲೂಕು ಕೇಂದ್ರ ಕೋಟೆಯಲ್ಲಿ. ಇಲ್ಲಿಗೆ ವಾರಕ್ಕೆ ಎರಡು ದಿನ ಬಂದರೆ ಹೆಚ್ಚು. ಮಿಕ್ಕ ದಿನವೆಲ್ಲ ಬೀಗ ತೆಗೆಯುವವರು, ಚುಚ್ಚುವವರು, ಬೈಸಿಕೊಳ್ಳುವವರು ಎಲ್ಲವೂ ಕಾಂಪೌಂಡರೇ. ಕೆ.ಆರ್. ನಗರದ ಕಡೆಯವರು, ಪಿರಿಯಾಪಟ್ಟಣದಲ್ಲಿ ಬಹಳ ವರ್ಷ ಇದ್ದು ನಮ್ಮೂರಿಗೆ ಬಂದವರು. ಯಾರಾದರೂ ಮರ್ಯಾದೆಗೆ "ಡಾಕ್ಟ್ರೇ" ಅಂದರೆ ಬೆಚ್ಚಿಬಿದ್ದು ಹಿಂದೆ ತಿರುಗಿ ನೋಡುತ್ತಿದ್ದರು. "ಡಾಕ್ಟ್ರು ಕೋಟೇಲವ್ರೆ, ನಾನು ಕಾಂಪೌಂಡ್ರು" ಅಂತ ತಿದ್ದುತ್ತಿದ್ದರು.

ಹಸು ಎಮ್ಮೆ ಮುಂದೆ ಅವರಿಗೆ ಭಯವಿರಲಿಲ್ಲ. ಕರು ಅಡ್ಡ ತಿರುಗಿದ ಹಸುವಿನ ಹೊಟ್ಟೆಯೊಳಗೆ ತೋಳಿನವರೆಗೆ ಕೈ ಇಟ್ಟುಕೊಂಡೇ ನಮ್ಮತ್ತೆಯ ಹತ್ತಿರ ಮಳೆ ಬೆಳೆ ಮಾತಾಡುತ್ತಿದ್ದರು. ನಾಯಿ ಅಂದರೆ ಮಾತ್ರ ಮುಗಿಯಿತು. ಮೊಪೆಡ್ಡು ಇಳಿಯುವ ಮೊದಲೇ ಬೇಲಿಯಾಚೆಯಿಂದ ಕೂಗು. "ಅವ್ವಾ, ಕಟ್ಟಾಕಿದ್ದೀರಾ?" ಕಟ್ಟಿದೀವಿ ಅಂದರೆ "ಹಗ್ಗ ಗಟ್ಟಿಯಾಗದಾ?" ಗಟ್ಟಿಯಾಗಿದೆ ಅಂದರೆ "ಗೂಟ?" ಒಳಗೆ ಬಂದ ಮೇಲೆ ಎರಡೂ ಅಂಗೈ ಪ್ಯಾಂಟಿಗೆ ಒರೆಸಿಕೊಳ್ಳುವುದು. ಬ್ಯಾಂಡೇಜ್ ಬಟ್ಟೆಯ ಉದ್ದನೆಯ ಪಟ್ಟಿ ತೆಗೆದು ನಾಯಿಯ ಮೂತಿಗೆ ಸುತ್ತಿ ಕಿವಿ ಹಿಂದೆ ಗಂಟು ಹಾಕಿಸುವುದು. ಗಂಟು ಹಾಕುವವರು ನಾವು, ದೂರದಿಂದ ಹೇಳಿಕೊಡುವವರು ಅವರು. ಇಷ್ಟೆಲ್ಲ ಆದಮೇಲೆ, ಆ ಕೈ ನಾಯಿಯ ಮೈಮೇಲೆ ಬಿದ್ದಮೇಲೆ, ನಡುಕ ನಿಂತುಹೋಗುತ್ತಿತ್ತು.

ಅವರಿಗೆ ಇಲ್ಲದಿದ್ದದ್ದು ನಾಚಿಕೆ. ಯಾರೇ ನಾಯಿ ತಂದರೂ, ಕಾಲಿಗೆ ಮುಳ್ಳು ಚುಚ್ಚಿದ ನಾಯಿಯಾದರೂ ಸರಿ, ಮೊದಲ ಪ್ರಶ್ನೆ ಒಂದೇ. "ಉಚ್ಚೆ ಎಂಗುಯ್ತದೆ? ಧಾರೆಯಾಗೋ, ತೊಟ್ಟೋ?" ಹೆಂಗಸರಿರಲಿ, ಹೊಸ ಸೊಸೆಯಿರಲಿ, ಪಂಚಾಯಿತಿ ಮೆಂಬರಿರಲಿ, ಗಟ್ಟಿ ದನಿಯಲ್ಲಿ ಕೇಳುವುದು. ನಮ್ಮತ್ತೆ ಸೆರಗಲ್ಲಿ ಬಾಯಿ ಮುಚ್ಚಿಕೊಂಡು "ಈವಯ್ಯಂಗೆ ಬೇರೆ ಮಾತೇ ಬರಕಿಲ್ವಾ" ಅನ್ನುತ್ತಿದ್ದರು.

ಮೇಲಿನ ಬೀದಿಯ ಒಂದು ಮನೆಯ ಗಂಡುನಾಯಿಗೆ ಹಿಂಗಾಲ ನಡುವಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಚಿರತೆ ಪರಚಿದೆ ಅಂತ ಮನೆಯವರು ಅರಿಶಿನ ಮೆತ್ತುತ್ತಲೇ ಇದ್ದರು. ಕಾಂಪೌಂಡರು ಹೋಗಿ, ಕೂಗಿ, ಕಟ್ಟಿಸಿ, ಆಮೇಲೆ ಚರ್ಮ ಹಿಂದಕ್ಕೆ ಸರಿಸಿ ತೋರಿಸಿದರು. ಒಳಗೆ ಹೂಕೋಸಿನ ತುಂಡಿನ ಥರದ ಗೆಡ್ಡೆ. "ಇದು ಒಂದ್ ನಾಯಿಂದ ಒಂದಕ್ಕೆ ಕೂಡುವಾಗ ಅಂಟ್ಕಳದು. ವಾರಕ್ಕೊಂದು ಸೂಜಿ, ಡಾಕ್ಟ್ರು ಬಂದ್ ಆಕ್ತಾರೆ. ವಾಸಿಯಾಯ್ತದೆ, ಆದ್ರೆ ಮಧ್ಯ ಬುಡಬ್ಯಾಡಿ" ಅಂದರು. ಎರಡು ಸೂಜಿಗೆ ರಕ್ತ ನಿಂತಿತು, ಮನೆಯವರು ಬರುವುದೂ ನಿಂತಿತು. ಮೂರನೇ ವಾರ ಕಾಂಪೌಂಡರೇ ಡಾಕ್ಟರನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಆ ಮನೆಯ ಬೇಲಿ ಆಚೆ ನಿಂತು "ಕಟ್ಟಾಕಿದ್ದೀರಾ?" ಅಂತ ಕೂಗಿದ್ದು ನನಗೆ ಕೇಳಿಸಿತ್ತು. ಆ ನಾಯಿ ವಾಸಿಯಾಯಿತು.

ಈಗ ನಮ್ಮ ನಾಯಿ ಕೆಂಚನ ವಿಷಯ. ನಮ್ಮದು ಊರಿನ ಕೊನೆಯ ಮನೆ. ಹಿಂದೆ ಜೋಳದ ಹೊಲ, ಹೊಲದ ಹಿಂದೆ ಲಂಟಾನದ ಪೊದೆ. ನನ್ನ ಗಂಡ ನಾಲೆಯ ನೀರುಗಂಟಿ, ನೀರು ಬಿಟ್ಟ ದಿನಗಳಲ್ಲಿ ಮನೆಗೆ ಬಂದರೆ ಬಂದ ಹಾಗೆ. ಮನೆಯಲ್ಲಿ ನಾನು, ಕಣ್ಣು ಮಂಜಾದ ಅತ್ತೆ. ನಮ್ಮ ಸಾಲಿನಲ್ಲೇ ಚಿರತೆ ಎರಡು ನಾಯಿ, ಒಂದು ಕರು ಹೊತ್ತುಕೊಂಡು ಹೋಗಿತ್ತು. ಕೆಂಚ ಗಂಟಲು ಕೆರೆದು ಬೊಗಳಿದರೆ ನಾನು ಬಾಗಿಲು ಭದ್ರ ಮಾಡುತ್ತಿದ್ದೆ, ಅವನು ಸುಮ್ಮನಿದ್ದರೆ ಅತ್ತೆಯನ್ನು ಹಿತ್ತಲಿಗೆ ಬಿಡುತ್ತಿದ್ದೆ. ನಮಗೆ ಅವನ ಮೇಲೆ ಅಷ್ಟು ಭರವಸೆ.

ಕೆಂಚ ನಾಲ್ಕೈದು ವರ್ಷದವನಿದ್ದಾಗಲೇ ಕಾಂಪೌಂಡರು ಹೇಳಿದ್ದರು. ಬೆದೆಗೆ ಬಂದ ಹೆಣ್ಣುನಾಯಿ ಹಿಂದೆ ನಾಲ್ಕು ದಿನ ಅಲೆದು, ಕಚ್ಚಿಸಿಕೊಂಡು ಬಂದಿದ್ದ. ಗಾಯಕ್ಕೆ ಔಷಧಿ ಹಾಕುತ್ತ "ಇವಂಗೆ ಬೀಜ ತೆಗ್ಸಿ ಕಣವ್ವ. ಅಲೆಯದೂ ನಿಲ್ತದೆ, ವಯಸ್ಸಾದ್ ಮ್ಯಾಲೆ ಬರೋ ಕಾಯಿಲೆಗಳೂ ಕಮ್ಮಿ" ಅಂದರು.

ನಾನು ನಕ್ಕುಬಿಟ್ಟೆ. "ಬೀಜ ತೆಗ್ಸಿದ್ರೆ ಇವ್ನು ಬೊಗಳ್ತಾನಾ ಕಾಂಪೌಂಡ್ರೇ? ಚಿರ್ತೆ ಬಂದ್ರೆ ನೀವ್ ಬಂದ್ ಬೊಗಳ್ತೀರಾ?"

"ಬೊಗಳೋದು ಬಾಯಲ್ಲಿ ಕಣವ್ವ" ಅಂದರು. ನಾನು ಕೇಳಲಿಲ್ಲ. ಎತ್ತಿಗೆ ಬೀಜ ಒಡೆಸಿದರೆ ಸಾಧುವಾಗುತ್ತದೆ, ನಾಯಿಯೂ ಹಾಗೇ ಅಂತ ನಮ್ಮ ಲೆಕ್ಕಾಚಾರ.

ಹೋದ ವರ್ಷದ ಬೇಸಿಗೆ. ಕೆಂಚನಿಗೆ ಎಂಟು ದಾಟಿತ್ತು. ಒಂದು ಬೆಳಿಗ್ಗೆ ಕಂಬ ಕಂಡಲ್ಲೆಲ್ಲ ಕಾಲೆತ್ತಿ ನಿಲ್ಲತೊಡಗಿದ. ನಿಂತರೆ ನಿಂತೇ ಇರುವನು, ಆಮೇಲೆ ಮುಂದಿನ ಕಂಬ. ಎಲ್ಲೋ ಹೆಣ್ಣುನಾಯಿಯ ವಾಸನೆ ಹತ್ತಿದೆ ಅಂದುಕೊಂಡೆ. ಮಧ್ಯಾಹ್ನ ಅತ್ತೆ ಅವನ ನರಳಾಟ ಕೇಳಿಸಿಕೊಂಡು "ಉಷ್ಣ ಆಗದೆ ಕಣಮ್ಮಿ, ಉರಿ ಉಚ್ಚೆ. ಎಳ್ನೀರ್ ಕುಡ್ಸು" ಅಂದರು. ಕುಡಿಸಿದೆ. ಬಾರ್ಲಿ ನೀರು ಕುಡಿಸಿದೆ. ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದೆ. ಮನುಷ್ಯರಿಗೆ ಮಾಡುವುದನ್ನೆಲ್ಲ ಮಾಡಿದೆ. ಬೇಡ ಅಂದರೂ ಬಾಯಿ ಅಗಲಿಸಿ ಲೋಟ ಲೋಟ ಹುಯ್ದೆ.

ಮಾರನೇ ದಿನ ಬೆಳಿಗ್ಗೆ ಅವನು ಏಳಲಿಲ್ಲ. ಹೊಟ್ಟೆಯ ಕೆಳಭಾಗ ಗಟ್ಟಿಯಾಗಿತ್ತು, ಮುಟ್ಟಿದರೆ ಕಣ್ಣು ಮೇಲೆ ಮಾಡುತ್ತಿದ್ದ. ಎಳನೀರೆಲ್ಲ ವಾಂತಿ. ಬಾಯಿಂದ ಒಂಥರಾ ಕೆಟ್ಟ ವಾಸನೆ. ಕಾಂಪೌಂಡರಿಗೆ ಫೋನು ಮಾಡಿದೆ. ಪಕ್ಕದಲ್ಲಿ ಅತ್ತೆಯ ತಮ್ಮ, ಹಿರಿಯರು, ಕಾಫಿ ಕುಡಿಯುತ್ತ ಕೂತಿದ್ದರು. ಅವರೆದುರಿಗೆ ಆ ಜಾಗದ ಮಾತು ಆಡಲು ನಾಲಗೆ ಬರಲಿಲ್ಲ. "ಹೊಟ್ಟೆ ಉಬ್ಬರ" ಅಂದೆ.

"ಉಚ್ಚೆ?"

"ಹೋಗ್ತಾನೆ ಹೋಗ್ತಾನೆ. ನಿನ್ನೆಯೆಲ್ಲ ಗಳಿಗೆಗೊಂದ್ಸಲ ಕಾಲೆತ್ತಿದಾನೆ."

"ಕಾಲೆತ್ತಿದ್ ಕೇಳ್ಲಿಲ್ಲ ಕಣವ್ವ. ನೆಲ ಒದ್ದೆಯಾಯ್ತಾ?"

ಫೋನು ಹಿಡಿದುಕೊಂಡೇ ಅಂಗಳಕ್ಕೆ ಓಡಿದೆ. ಅವನು ನಿಂತಿದ್ದ ಕಂಬ, ಕಲ್ಲು, ತೆಂಗಿನ ಬುಡ, ಒಂದೊಂದನ್ನೂ ಬಗ್ಗಿ ನೋಡಿದೆ. ಎಲ್ಲ ಕಡೆ ಧೂಳು. ಒಂದು ತೊಟ್ಟಿನ ಗುರುತಿಲ್ಲ. ಒಂದು ಹಗಲು ಒಂದು ರಾತ್ರಿ, ಅಷ್ಟು ನೀರು, ಎಲ್ಲ ಅವನ ಒಳಗೇ ಇತ್ತು. "ಇಲ್ಲ ಕಾಂಪೌಂಡ್ರೇ, ಒಣಗದೆ" ಅಂದೆ.

"ಯಾರೂ ಒಟ್ಟೆ ಒತ್ತಬ್ಯಾಡಿ. ನೀರ್ ಕೊಡಬ್ಯಾಡಿ. ಬಂದೆ" ಅಂದರು.

ಬಂದರು. ಅವತ್ತು "ಕಟ್ಟಾಕಿದ್ದೀರಾ" ಅಂತ ಕೂಗಲಿಲ್ಲ, ನೇರ ಒಳಗೆ ಬಂದರು. ಕೆಂಚನ ಹೊಟ್ಟೆಗೆ ಎರಡು ಬೆರಳು ಮೆಲ್ಲಗೆ ಇಟ್ಟು ಹಾವು ಮುಟ್ಟಿದವರಂತೆ ಎಳೆದುಕೊಂಡರು. "ಕಲ್ಲು ಸಿಕ್ಕಾಕ್ಕೊಂಡದೆ. ಗಂಡುನಾಯಿಗೆ ಅಲ್ಲೊಂದು ಮೂಳೆ ಇರ್ತದೆ, ಅದ್ರಿಂದ್ಲೇ ಸಿಕ್ಕೊಳದು. ನನ್ ಕೈಲಾಗಕಿಲ್ಲ, ಮೈಸೂರ್ಗೆ ಎತ್ತಾಕ್ಕೊಂಡ್ ಓಗಿ" ಅಂದರು.

"ಮೈಸೂರು ತಲುಪಾ ಗಂಟ ಇರ್ತಾನಾ?"

ಅವರು ಹೋಗಿ ಜಗಲಿಯ ಮೇಲೆ ಕೂತರು. ಮೂಗಿನ ತುದಿಯಲ್ಲಿ ಬೆವರು. ನನಗೆ ಸಿಟ್ಟು ಬಂತು. ನೆತ್ತಿಗೇರಿತು ಅನ್ನಿ. "ಹನ್ನೊಂದು ವರ್ಷದಿಂದ ಊರೋರ್ನೆಲ್ಲ ಉಚ್ಚೆ ಉಚ್ಚೆ ಅಂತ ಕೇಳ್ಕೊಂಡು ಬಂದ್ರಿ. ಈಗ ನೋಡಿದ್ರೆ ಕೈಲಾಗಲ್ಲ ಅಂತೀರಾ? ಎಂಥ ಪುಕ್ಕಲ್ರೀ ನೀವು!" ಅಂತ ಕೂಗಾಡಿದೆ.

ಅವರು ನನ್ನ ಮುಖ ನೋಡದೆ ಹೇಳಿದರು. "ಪಿರಿಯಾಪಟ್ಣದಲ್ಲಿ ಒಂದ್ ನಾಯಿ ಇಂಗೇ ಬಂತು ಕಣವ್ವ. ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಕಾಯೋ ನಾಯಿ. ಡಾಕ್ಟ್ರಿರ್ಲಿಲ್ಲ. ಒತ್ತಿದ್ರೆ ಓಯ್ತದೆ ಅಂತ ಎಲ್ರೂ ಅಂದ್ರು, ಒತ್ತುಬುಟ್ಟೆ. ಒಟ್ಟೆ ಮೆತ್ತಗಾಯ್ತು. ನಾಯಿ ಎದ್ದು ಬಾಲ ಆಡುಸ್ತು. ಮನೆಯೋರು ನಂಗೆ ಕಾಫಿ ಕೊಟ್ರು, ದ್ಯಾವ್ರು ನೀವು ಅಂದ್ರು. ಒಳಗೆ ಉಚ್ಚೆ ಚೀಲ ಒಡದೋಗಿತ್ತು. ಮಾರ್ನೇ ದಿನ ಸತ್ತೋಯ್ತು. ಅವತ್ತಿಂದ ನಾಯಿ ಕಂಡ್ರೆ ನಂಗೆ ಕೈಕಾಲ್ ಬರಕಿಲ್ಲ. ಕಚ್ತದೆ ಅಂತಲ್ಲ ಕಣವ್ವ, ನನ್ ಕೈಲಿ ಸಾಯ್ತದೆ ಅಂತ."

ನಾನು ಅವರ ಮುಂದೆ ಕೂತು "ಅವತ್ತು ನಿಮ್ಗೆ ಗೊತ್ತಿಲ್ದೆ ಮಾಡಿದ್ರಿ. ಈಗ ಗೊತ್ತದಲ್ಲಾ" ಅಂದೆ. ಧೈರ್ಯ ಕೊಡುವುದಕ್ಕಲ್ಲ, ನನಗೆ ಬೇರೆ ದಾರಿ ಇರಲಿಲ್ಲ.

ಕೋಟೆಯ ಡಾಕ್ಟರಿಗೆ ಫೋನು ಹಚ್ಚಿದರು. ಅವರು ಮೈಸೂರಿನಲ್ಲಿ ಯಾವುದೋ ಮೀಟಿಂಗಿನಲ್ಲಿದ್ದರು. ಫೋನನ್ನು ಜಗಲಿಯ ಮೇಲಿಟ್ಟು ದನಿ ದೊಡ್ಡದು ಮಾಡಿದೆವು. ಕಾಂಪೌಂಡರು ತಮ್ಮ ಚೀಲದೊಳಗಿಂದ ಒಂದು ಸಣ್ಣ ನಳಿಗೆ ತೆಗೆದರು, ಹುಟ್ಟಿದ ಕೂಸುಗಳಿಗೆ ಮೂಗಿನಿಂದ ಹಾಲು ಬಿಡುತ್ತಾರಲ್ಲ, ಅದು. ಅತ್ತೆಯ ತಮ್ಮ ಹಿಂಗಾಲು ಹಿಡಿದರು. ನಾನು ತಲೆ ಹಿಡಿದೆ. ಮೂತಿಗೆ ಪಟ್ಟಿ ಸುತ್ತುವಾಗ ಕೆಂಚ ಗುರ್ರೆನ್ನಲೂ ಇಲ್ಲ. ಕಚ್ಚು ಕಣೋ, ಒಂದ್ಸಲ ಕಚ್ಚೋ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

ಜೆಲ್ಲಿ ಹಚ್ಚಿದ ನಳಿಗೆ ಬೆರಳುದ್ದ ಒಳಗೆ ಹೋಗಿ ನಿಂತಿತು. "ಸಾ, ತಡೀತದೆ" ಅಂದರು. "ಬಲ ಹಾಕ್ಬೇಡಿ. ಸಲೈನ್ ತುಂಬಿ ನಿಧಾನ ತಳ್ಳಿ, ಕಲ್ಲು ಹಿಂದಕ್ಕೆ ಹೋಗ್ಲಿ" ಅಂತ ಫೋನಿನ ದನಿ. ತಳ್ಳಿದರು. ನೀರು ವಾಪಸ್ಸು ಬಂತು. ಇನ್ನೊಂದು ಸಲ ತಳ್ಳಿದರೆ ವಾಪಸ್ಸು ಬಂದದ್ದು ರಕ್ತ. ಕೆಂಚನ ಉಸಿರು ಕಿರಿದಾಗುತ್ತಿತ್ತು, ಕಿವಿ ತಣ್ಣಗಾಗಿತ್ತು. ಒಳಗಿಂದ ಅತ್ತೆ "ಏನಾಯ್ತು, ಯಾಕೆಲ್ರೂ ಸುಮ್ಕವ್ರೆ" ಅಂತ ಕೂಗುತ್ತಿದ್ದರು. ಕಾಂಪೌಂಡರು ಕಣ್ಣು ಮುಚ್ಚಿಕೊಂಡು ಮೂರನೇ ಸಲ ಸಿರಿಂಜು ತುಂಬಿ, ಬೆರಳಿನಿಂದ ಒತ್ತಿ ಹಿಡಿದು, ಮೆಲ್ಲಗೆ, ಮೆಲ್ಲಗೆ ತಳ್ಳಿದರು. ಕೈ ಒಂದಿಷ್ಟೂ ಅಲುಗಲಿಲ್ಲ. ನಳಿಗೆ ಸರಕ್ಕನೆ ಒಳಗೆ ಜಾರಿತು.

ಬೇಸಿನ್ನಿಗೆ ಕಂದು ಬಣ್ಣದ ಉಚ್ಚೆ ಬಿದ್ದ ಸದ್ದಿದೆಯಲ್ಲ, ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಸದ್ದು ಕೇಳಿಲ್ಲ. ನಾನು ಜೋರಾಗಿ ಅತ್ತುಬಿಟ್ಟೆ. ಕಾಂಪೌಂಡರು ಮಾತ್ರ ಬೇಸಿನ್ನನ್ನೇ ನೋಡುತ್ತ "ಇನ್ನೂ ಕಾಫಿ ಕೊಡಬ್ಯಾಡಿ, ಇದು ಮುಗುದಿಲ್ಲ" ಅಂದರು.

ಗೂಡ್ಸ್ ಆಟೋದಲ್ಲಿ ಮೈಸೂರಿಗೆ ಹೋದೆವು. ಅವರೂ ಹಿಂದೆ ಕೆಂಚನ ಪಕ್ಕದಲ್ಲೇ, ನಳಿಗೆ ಜಾರದಂತೆ ಹಿಡಿದು ಕೂತಿದ್ದರು. ಹಂಪು ಬಂದಾಗಲೆಲ್ಲ ನನಗಿಂತ ಮೊದಲು ಅವರೇ "ಅಯ್ಯಪ್ಪೋ" ಅನ್ನುತ್ತಿದ್ದರು. ಅಲ್ಲಿಯ ಡಾಕ್ಟರು ಕಡಲೆಬೇಳೆ ಗಾತ್ರದ ಐದು ಕಲ್ಲು ತೆಗೆದರು. ಮೂತ್ರಚೀಲದ ಕೆಳಗಿನ ಗ್ರಂಥಿಯೂ ಊದಿಕೊಂಡಿದೆ, ಬೀಜ ತೆಗೆದರೆ ಅದು ತಾನೇ ಇಳಿಯುತ್ತದೆ ಅಂದರು. ಈ ಸಲ ನಾನು ಚಿರತೆಯ ಹೆಸರು ಎತ್ತಲಿಲ್ಲ. ಮನೆಗೆ ಬಂದ ಆರನೇ ದಿನ ಕೆಂಚ ಜೋಳದ ಹೊಲದ ಕಡೆ ಮುಖ ಮಾಡಿ ಬೊಗಳಿದ. ಅತ್ತೆ ಗಲ್ಲದ ಮೇಲೆ ಬೆರಳಿಟ್ಟು "ಎಲ್ಲಾ ಅಂಗೇ ಅದಲ್ಲಮ್ಮೀ!" ಅಂದರು.

ಹೊಲಿಗೆ ಬಿಚ್ಚಲು ಬಂದಿದ್ದ ದಿನ ಕಾಂಪೌಂಡರು ಒಂದು ಗಂಟೆಯೊಳಗೆ ಮೂರು ಸಲ ಎದ್ದು ಲಂಟಾನದ ಹಿಂದೆ ಹೋಗಿ ಬಂದರು. ಪ್ರತಿ ಸಲವೂ ಬಹಳ ಹೊತ್ತು. ನನಗೆ ತಮಾಷೆ. "ಬೀಜ ಇಲ್ದಿರೋ ನಾಯಿಗೂ ಇಷ್ಟು ಹೆದ್ರುತೀರಾ ಕಾಂಪೌಂಡ್ರೇ?" ಅಂತ ನಕ್ಕೆ. ಅವರೂ ನಕ್ಕರು. ಅಷ್ಟೆಲ್ಲ ಕಣ್ಣಾರೆ ಕಂಡವಳು ನಾನು. ಆದರೂ ಹೊಳೆಯಲಿಲ್ಲ. ಹೊಳೆದಿದ್ದರೂ ಅಷ್ಟು ದೊಡ್ಡ ಗಂಡಸನ್ನು ಕೇಳುವುದು ಹೇಗೆ ಅಂತ ಬಾಯಿ ಮುಚ್ಚಿಕೊಳ್ಳುತ್ತಿದ್ದೆ, ನನಗೆ ನನ್ನ ವಿಷಯ ಗೊತ್ತು.

ಮಳೆ ಶುರುವಾಗುವ ಹೊತ್ತಿಗೆ ಅವರನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಗೊತ್ತಾಯಿತು. ನೋಡಲು ಹೋದೆ. ಮಂಚದ ಪಕ್ಕದಲ್ಲಿ ಉಚ್ಚೆಯ ಚೀಲ ನೇತಾಡುತ್ತಿತ್ತು, ಅದರೊಳಗೆ ಅಂಗುಲದಷ್ಟೂ ಇರಲಿಲ್ಲ. ಮುಖ ಊದಿತ್ತು. ಎರಡು ವರ್ಷದಿಂದ ತೊಟ್ಟು ತೊಟ್ಟಾಗಿ ಹೋಗುತ್ತಿತ್ತಂತೆ. ಹೆಂಡತಿಗೂ ಹೇಳಿರಲಿಲ್ಲ.

"ಎಲ್ಲ ಗೊತ್ತಿದ್ದೂ ಹಿಂಗ್ ಮಾಡ್ಕೊಂಡ್ರಲ್ರೀ!" ಅಂತ ಬೈದೆ. ಪಕ್ಕದ ಮಂಚದವರು ತಿರುಗಿ ನೋಡುವಷ್ಟು ಜೋರಾಗಿ ಬೈದೆ.

"ಗೊತ್ತಿದ್ದುದ್ಕೇ ಕಣವ್ವ ಭಯ" ಅಂದರು. "ನಳಿಗೆ ಆಕ್ತಾರಲ್ಲ, ಅದು ಎಂಗಿರ್ತದೆ ಅಂತ ನೋಡಿದ್ನಲ್ಲ. ನಿಮ್ ಕೆಂಚ ಮೂಕ ಪ್ರಾಣಿ. ನಂಗೆ ಬಾಯಿತ್ತು."

ಆಮೇಲೆ ನನ್ನ ಕೈ ಹಿಡಿದುಕೊಂಡರು. "ಬೆಳಿಗ್ಗೆ ಡಾಕ್ಟ್ರು ಹೇಳುದ್ರು. ಎಲ್ಡು ಕಿಡ್ನಿನೂ ಕೆಲ್ಸ ಬುಟ್ಟವಂತೆ, ನಂಜು ರಕ್ತಕ್ಕೆ ಸೇರದಂತೆ. ಮನೆಯೋರ್ನ ಪಕ್ಕದಲ್ಲೇ ಇರಿಸ್ಕೊಳ್ಳಿ ಅಂದ್ರು. ನಮ್ಮೆಂಗುಸ್ಗೆ ಯೋಳಕ್ಕೆ ನಂಗೆ ಧೈರ್ಯ ಇಲ್ಲ. ನೀವು ಬಾಯಿರೋರು, ನೀವೇ ಯೋಳ್ಬುಡಿ ಕಣವ್ವ."

ಹೇಳ್ತೀನಿ ಅಂದೆ. ಹೊರಗೆ ಬಂದೆ. ಅವರ ಹೆಂಡತಿ ಹಾಲಿನ ಫ್ಲಾಸ್ಕು ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ಮೂರು ದಿನದಿಂದ ಉಟ್ಟ ಸೀರೆ, ಬಾಚದ ತಲೆ. ನನ್ನನ್ನು ಕಂಡು ಮುಖ ಅರಳಿತು. "ಏನಂತಕ್ಕಾ? ಡಾಕ್ಟ್ರು ಏನಂದ್ರಂತೆ?"

ಬಾಯಿ ತೆರೆದೆ. "ಏನಿಲ್ಲ, ಹುಷಾರಾಗ್ತಾರಂತೆ" ಅಂದೆ. ಅಂದವಳೇ ಬಸ್ಸಿಗೆ ಹೊತ್ತಾಯಿತು ಅಂತ ಸರಸರ ಮೆಟ್ಟಿಲಿಳಿದೆ.

ಕಾಂಪೌಂಡರು ಹೋದದ್ದು ಮಾರನೇ ದಿನ ಬೆಳಿಗ್ಗೆ. ಹನ್ನೊಂದನೇ ದಿನದ ಊಟಕ್ಕೆ ಹೋಗಿದ್ದೆ. ಅವರ ಹೆಂಡತಿ ಪಂಕ್ತಿಯಲ್ಲಿ ಬಡಿಸುತ್ತ ನನ್ನ ಎಲೆಯ ಮುಂದೆ ನಿಂತರು. "ನೀವು ಉಸಾರಾಯ್ತಾರೆ ಅಂದ್ರಲ್ಲಕ್ಕಾ, ಅವತ್ತು ನಂಗೆ ವಸಿ ಧೈರ್ಯ ಬಂತು. ಮೂರ್ ದಿನದಿಂದ ಹಸ ಪಕ್ಕದ್ಮನೆಯೋರ ಕೈಲಿತ್ತು, ಒಂದ್ಸಲ ನೋಡ್ಕಂಡು, ಅವ್ರಿಗೆ ಅಂಬ್ಲಿ ಕಾಸ್ಕಂಡು ಬೆಳಿಗ್ಗೆ ಬರಾನ ಅಂತ ಊರ್ಗೆ ಬಂದುಬುಟ್ಟೆ. ನಾನ್ ಓಗಾಗಂಟ ಅವ್ರು ಇರ್ಲಿಲ್ಲ. ಪಕ್ಕದಲ್ಲಿ ಯಾರೂ ಇರ್ಲಿಲ್ವಂತೆ" ಅಂದರು. ಆ ದನಿಯಲ್ಲಿ ನನ್ನ ಮೇಲೆ ಒಂದಿಷ್ಟೂ ಕೋಪವಿರಲಿಲ್ಲ. ಬೇಡ ಅಂದರೂ ಇನ್ನೊಂದು ವಡೆ ಹಾಕಿ ಮುಂದಿನ ಎಲೆಗೆ ಹೋದರು.

ಆಗಲೂ ನಾನು ನಿಜ ಹೇಳಲಿಲ್ಲ. ಇಲ್ಲಿ ಬರೆದಿದ್ದೇನೆ. ಅವರಿಗೆ ಓದಲು ಬರುವುದಿಲ್ಲ.